ಸಾವಿರ ದೇವರುಗಳ ನಾಡು: ಹಿತ್ತಿಯರ ಧರ್ಮ ಮತ್ತು ಸಂಸ್ಕೃತಿ

ಪ್ರಾಚೀನ ಪಶ್ಚಿಮ ಏಷ್ಯಾದ ಇತಿಹಾಸದಲ್ಲಿ ಈಜಿಪ್ಟ್, ಬ್ಯಾಬಿಲೋನಿಯಾಗಳಿಗೆ ಸರಿಸಮನಾಗಿ ನಿಂತಿದ್ದ ಹಿತ್ತಿಯ ಸಾಮ್ರಾಜ್ಯವು ಸುಮಾರು ಮೂರು ಸಾವಿರ ವರ್ಷಗಳ ಕಾಲ ಮನುಷ್ಯರ ನೆನಪಿನಿಂದ ಸಂಪೂರ್ಣವಾಗಿ ಅಳಿಸಿಹೋಗಿತ್ತು ಎಂಬುದು ವಿಸ್ಮಯದ ಸಂಗತಿ. ಗ್ರೀಕ್ ಇತಿಹಾಸಕಾರರಿಗೆ ಅವರ ಹೆಸರು ತಿಳಿದಿರಲಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಮಾತ್ರ ಪ್ಯಾಲೆಸ್ತೀನಿನ ಹಲವು ಜನವರ್ಗಗಳ ನಡುವೆ ಒಂದಾಗಿ ಅವರ ಹೆಸರು ಉಳಿದಿತ್ತು. ಕನ್ನಡ ಬೈಬಲನ್ನು ಓದಿದವರಿಗೆ ದಾವೀದನ ಕಥೆಯಲ್ಲಿ ಬರುವ ಹಿತ್ತಿಯನಾದ ಊರೀಯನ ಪರಿಚಯವಿರುತ್ತದೆ. 1834ರಲ್ಲಿ ಫ್ರೆಂಚ್ ಪ್ರವಾಸಿ ಶಾರ್ಲ್ ತೆಕ್ಸಿಯೆ ಮಧ್ಯ ಅನಾತೋಲಿಯಾದ ಬೊಗಾಜ್‌ಕೋಯ್ ಎಂಬ ಹಳ್ಳಿಯ ಬಳಿ ವಿಶಾಲವಾದ ಕೋಟೆಕೊತ್ತಲಗಳ ಅವಶೇಷಗಳನ್ನು ಕಂಡಾಗ ಅವು ಯಾರವೆಂದು ಹೇಳುವುದು ಅವನಿಂದ ಸಾಧ್ಯವಾಗಲಿಲ್ಲ. 1880ರಲ್ಲಿ ಆರ್ಚಿಬಾಲ್ಡ್ ಸೇಸ್ ಎಂಬ ಇಂಗ್ಲಿಷ್ ವಿದ್ವಾಂಸನು ಅನಾತೋಲಿಯಾ ಮತ್ತು ಉತ್ತರ ಸಿರಿಯಾಗಳಲ್ಲಿ ಹರಡಿಕೊಂಡಿದ್ದ ಶಿಲಾಶಿಲ್ಪಗಳನ್ನೂ ಚಿತ್ರಲಿಪಿಯನ್ನೂ ಹಿತ್ತಿಯರದೆಂದು ಗುರುತಿಸಿದನು. 1906ರಲ್ಲಿ ಹ್ಯೂಗೊ ವಿಂಕ್ಲರ್ ಮತ್ತು ಥಿಯೊಡೋರ್ ಮಕ್ರಿದಿ ಉತ್ಖನನವನ್ನು ಆರಂಭಿಸಿದ ಮೇಲೆ ಬೊಗಾಜ್‌ಕೋಯ್‌ಯೇ ಹಿತ್ತಿಯರ ರಾಜಧಾನಿಯಾದ ಹತ್ತುಸ ಎಂಬುದು ಖಚಿತವಾಯಿತು. ಅಲ್ಲಿ ಇದುವರೆಗೆ ದೊರೆತಿರುವ ಜೇಡಿಮಣ್ಣಿನ ಫಲಕಗಳು ಮತ್ತು ಅವುಗಳ ಚೂರುಗಳ ಸಂಖ್ಯೆ ಸುಮಾರು 30,000. ಈ ಸಂಗ್ರಹವನ್ನು ಯುನೆಸ್ಕೋ ಸಂಸ್ಥೆಯು 2001ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿದೆ.

ಈ ಫಲಕಗಳ ಬಹುಭಾಗವು ಧರ್ಮಕ್ಕೆ ಸಂಬಂಧಿಸಿದುದಾಗಿದೆ. ರಾಜರ ವಿಜಯಗಾಥೆ, ಒಡಂಬಡಿಕೆ, ಸುಮಾರು ಇನ್ನೂರು ಕಲಮುಗಳ ನ್ಯಾಯಸಂಹಿತೆ ಇವೆಲ್ಲ ಇದ್ದರೂ ಹಬ್ಬಗಳ ವಿಧಿ, ಶುದ್ಧೀಕರಣದ ಕ್ರಮ, ಶಕುನದ ವರದಿ, ಪ್ರಾರ್ಥನೆ, ಹರಕೆ, ಗ್ರಾಮದೇವತೆಗಳ ಆಸ್ತಿಯ ಪಟ್ಟಿ ಇವುಗಳದೇ ಸಿಂಹಪಾಲು. ರಾಜ್ಯದ ದಫ್ತರಖಾನೆಯು ದೇವರ ಲೆಕ್ಕಕ್ಕೆ ಇಷ್ಟೊಂದು ಜಾಗವನ್ನು ಏಕೆ ಕೊಟ್ಟಿತು ಎಂಬ ಪ್ರಶ್ನೆಯು ಹಿತ್ತಿಯ ಸಂಸ್ಕೃತಿಯ ಅಧ್ಯಯನದಲ್ಲಿ ಮುಖ್ಯವಾದುದು.

ಮೊದಲಿಗೆ ಭಾಷೆಯ ವಿಚಾರ. 1915ರಲ್ಲಿ ಬೆದ್ರಿಖ್ ಹ್ರೋಜ್ನಿ ಹಿತ್ತಿಯ ಭಾಷೆಯು ಇಂಡೋ-ಯುರೋಪಿಯನ್ ವರ್ಗಕ್ಕೆ ಸೇರಿದುದೆಂದು ತೋರಿಸಿಕೊಟ್ಟನು. ರೊಟ್ಟಿಯನ್ನು ಸೂಚಿಸುವ ಪರಿಚಿತ ಸಂಕೇತವಿದ್ದ ಒಂದು ವಾಕ್ಯದಲ್ಲಿ ‘ವಾತರ್’ ಎಂಬ ಪದವು ನೀರೆಂಬ ಅರ್ಥ ಕೊಡುವುದನ್ನು ಅವನು ಗುರುತಿಸಿದ್ದು ಭಾಷಾಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಈ ಭಾಷೆಯನ್ನಾಡುವವರು ತಮ್ಮ ಭಾಷೆಯನ್ನು ಹಿತ್ತಿಯ ಎಂದು ಕರೆಯಲಿಲ್ಲ. ನೆಸ ಎಂಬ ಪಟ್ಟಣದ ಹೆಸರಿನಿಂದ ‘ನೆಸಿಲಿ’ ಎಂದು ಕರೆದರು. ‘ಹತ್ತಿಲಿ’ ಎಂದರೆ ಅವರಿಗಿಂತ ಮೊದಲು ಆ ನಾಡಿನಲ್ಲಿದ್ದ, ಬೇರೆ ಭಾಷೆಯನ್ನಾಡುತ್ತಿದ್ದ ಹತ್ತಿ ಜನರ ನುಡಿ. ರಾಜ್ಯ, ರಾಜಧಾನಿ ಹಾಗೂ ಪ್ರಮುಖ ದೇವರುಗಳ ಹೆಸರುಗಳೆಲ್ಲ ಆ ಹಿಂದಿನ ಜನರಿಂದ ಬಂದವುಗಳೇ. ವಿಧಿಗ್ರಂಥಗಳಲ್ಲಿ ‘ಇಲ್ಲಿ ಪೂಜಾರಿಯು ಹತ್ತಿಲಿಯಲ್ಲಿ ಹೇಳುತ್ತಾನೆ’, ‘ಇಲ್ಲಿ ಲೂವಿಯ ಭಾಷೆಯಲ್ಲಿ ಹೇಳುತ್ತಾರೆ’ ಎಂಬ ಅರ್ಥದ ಸೂಚನೆಗಳು ಬರುತ್ತವೆ. ಆಯಾ ದೇವರನ್ನು ಆಯಾ ದೇವರ ಭಾಷೆಯಲ್ಲಿಯೇ ಕರೆಯಬೇಕು ಎಂಬುದು ಅವರ ನಿಯಮ. ಹತ್ತಿ, ಲೂವಿಯ, ಪಲಾಯಿಕ್, ಹುರ್ರಿಯನ್ ಭಾಷೆಗಳು ಇಂದು ಅಲ್ಪಸ್ವಲ್ಪವಾದರೂ ತಿಳಿದಿರುವುದು ಬಹುಮಟ್ಟಿಗೆ ಈ ನಿಯಮದ ಫಲದಿಂದ. 2023ರಲ್ಲಿ ಕಲಸ್ಮ ಎಂಬ ಪ್ರದೇಶದ, ಅದುವರೆಗೆ ಅಜ್ಞಾತವಾಗಿದ್ದ ಭಾಷೆಯೊಂದು ಹತ್ತುಸದ ಫಲಕವೊಂದರಲ್ಲಿ ಬೆಳಕಿಗೆ ಬಂದದ್ದೂ ಇಂತಹ ಒಂದು ವಿಧಿಪಾಠದ ನಡುವೆಯೇ.

ಹಿತ್ತಿಯರು ತಮ್ಮ ದೇವಗಣವನ್ನು ‘ಹತ್ತಿಯ ಸಾವಿರ ದೇವರುಗಳು’ ಎಂದು ಕರೆದುಕೊಂಡಿದ್ದಾರೆ. ಇದು ಅಲಂಕಾರದ ಮಾತಾದರೂ ಬರಿಯ ಅಲಂಕಾರವಲ್ಲ. ಅರಸ ಎರಡನೆಯ ಮುವತ್ತಲ್ಲಿಯ ಒಂದು ಪ್ರಾರ್ಥನೆಯಲ್ಲಿ ಊರೂರಿನ ದೇವರುಗಳನ್ನು, ಬೆಟ್ಟಗಳನ್ನು, ನದಿಗಳನ್ನು ಒಂದೊಂದಾಗಿ ಕರೆಯುತ್ತ ಹೋಗುವ ಪಟ್ಟಿಯು ನೂರರ ಗಡಿಯನ್ನು ದಾಟುತ್ತದೆ. ಈ ಗಣದ ಶಿಖರದಲ್ಲಿರುವವರು ಇಬ್ಬರು: ಮಳೆ ಸಿಡಿಲುಗಳ ಒಡೆಯನಾದ ಸಿಡಿಲದೇವ ಮತ್ತು ಅರಿನ್ನ ಪಟ್ಟಣದ ಸೂರ್ಯದೇವಿ. ದೊಡ್ಡ ನದಿಯ ನೀರಾವರಿಯಿಲ್ಲದೆ ಮಳೆಯನ್ನೇ ನಂಬಿದ ಪ್ರಸ್ಥಭೂಮಿಯ ಒಕ್ಕಲುತನದಲ್ಲಿ ಮಳೆಯ ದೇವರು ಮೇಲೇರಿದುದು ಸಹಜವೇ. ಸಿಡಿಲದೇವನನ್ನು ಸೂಚಿಸಲು ಲಿಪಿಕಾರರು ಮೆಸೊಪೊಟೇಮಿಯಾದ ಒಂದೇ ಸಂಕೇತವನ್ನು ಬಳಸಿದರು. ಅದನ್ನು ಹತ್ತಿ ಭಾಷೆಯಲ್ಲಿ ತಾರು ಎಂದೂ ನೆಸಿಲಿಯಲ್ಲಿ ತರ್ಹುನ್ನ ಎಂದೂ ಹುರ್ರಿಯನ್ನಿನಲ್ಲಿ ತೆಶುಬ್ ಎಂದೂ ಓದಬಹುದು. ನೆರಿಕ್ ಪಟ್ಟಣದ ಸಿಡಿಲದೇವ, ಜಿಪ್ಪಲಂದದ ಸಿಡಿಲದೇವ, ಅಲೆಪ್ಪೊದ ಸಿಡಿಲದೇವ ಎಂಬಂತೆ ಊರಿಗೊಬ್ಬನಿದ್ದನು. ಅವರೆಲ್ಲ ಒಬ್ಬನೇ ದೇವರ ರೂಪಗಳೋ ಬೇರೆ ಬೇರೆ ವ್ಯಕ್ತಿಗಳೋ ಎಂಬುದನ್ನು ಸಂಕೇತವು ಹೇಳುವುದಿಲ್ಲ. ಆದರೆ ಹರಕೆಯ ಪಟ್ಟಿಗಳು ಹೇಳುತ್ತವೆ: ಪ್ರತಿಯೊಬ್ಬನಿಗೂ ಪ್ರತ್ಯೇಕ ರೊಟ್ಟಿ, ಪ್ರತ್ಯೇಕ ಕುರಿ.

ಗೆದ್ದ ನಾಡಿನ ದೇವರನ್ನು ಒಡೆದುಹಾಕದೆ ರಾಜಧಾನಿಗೆ ಕರೆತಂದು ಪೂಜಿಸುವ ಈ ಪದ್ಧತಿಯನ್ನು ಹಲವು ಸಾಮಾನ್ಯ ಗ್ರಂಥಗಳು ಹಿತ್ತಿಯರ ಧಾರ್ಮಿಕ ಸಹಿಷ್ಣುತೆ ಎಂದು ಕೊಂಡಾಡಿವೆ. ಈ ಮಾತನ್ನು ಎಚ್ಚರದಿಂದ ಬಳಸಬೇಕಾಗಿದೆ. ಸಹಿಷ್ಣುತೆಯೆಂಬುದು ಒಪ್ಪದುದನ್ನು ತಾಳಿಕೊಳ್ಳುವ ಗುಣ. ಹಿತ್ತಿಯರಿಗೆ ಪರದೇವರ ವಿಷಯದಲ್ಲಿ ಒಪ್ಪದಿರುವ ಪ್ರಶ್ನೆಯೇ ಇರಲಿಲ್ಲ. ಅವರ ದೃಷ್ಟಿಯಲ್ಲಿ ಪ್ರತಿಯೊಂದು ದೇವತೆಯೂ ನಿಜವಾದ ಶಕ್ತಿ, ಉಪೇಕ್ಷಿಸಿದರೆ ಕೋಪಗೊಳ್ಳುವ ಯಜಮಾನ. ರಾಜ್ಯವು ಬೆಳೆದಂತೆಲ್ಲ ಯಜಮಾನರ ಸಂಖ್ಯೆಯೂ ಬೆಳೆಯಿತು, ಸಲ್ಲಿಸಬೇಕಾದ ಬಾಕಿಯೂ ಬೆಳೆಯಿತು. ಔದಾರ್ಯಕ್ಕಿಂತ ಹೆಚ್ಚಾಗಿ ಋಣದ ಭಯವೇ ಇಲ್ಲಿ ಕೆಲಸ ಮಾಡಿದೆಯೆಂದು ಹೇಳುವುದು ಆಧಾರಗಳಿಗೆ ಹೆಚ್ಚು ಸಮೀಪವಾದೀತು.

ದೇವರು ಮತ್ತು ಮನುಷ್ಯರ ನಡುವಿನ ಸಂಬಂಧವು ಯಜಮಾನ ಮತ್ತು ಆಳಿನ ಸಂಬಂಧವೆಂಬುದನ್ನು ದೇವಾಲಯದ ಸಿಬ್ಬಂದಿಗಾಗಿ ಬರೆದ ಆಜ್ಞಾಪತ್ರವೊಂದು ಬಹು ಸ್ಪಷ್ಟವಾಗಿ ನಿರೂಪಿಸುತ್ತದೆ. ದೇವರ ರೊಟ್ಟಿಯನ್ನು ಮಾಡುವವರು ಸ್ನಾನಮಾಡಿ, ಕೂದಲು ಉಗುರುಗಳನ್ನು ತೆಗೆಸಿ, ಮಡಿಬಟ್ಟೆಯನ್ನುಟ್ಟಿರಬೇಕು. ಅಡುಗೆಮನೆಯ ಬಾಗಿಲಿಗೆ ಹಂದಿಯಾಗಲಿ ನಾಯಿಯಾಗಲಿ ಸುಳಿಯಕೂಡದು. ಮನುಷ್ಯರ ಮನಸ್ಸೂ ದೇವರ ಮನಸ್ಸೂ ಬೇರೆಯೇನಲ್ಲ ಎಂಬುದು ಈ ಪತ್ರದ ವಾದ. ಶುಚಿಯಾಗಿ ಬಂದ ಆಳು ಊಟ ಬಡಿಸಿದರೆ ಒಡೆಯನ ಮನಸ್ಸು ಹೇಗೆ ತಣಿಯುವುದೋ ದೇವರ ಮನಸ್ಸೂ ಹಾಗೆಯೇ ತಣಿಯುತ್ತದೆ. ಆಳು ತಪ್ಪಿದರೆ ಶಿಕ್ಷೆ ಅವನೊಬ್ಬನಿಗಲ್ಲ, ಹೆಂಡತಿ ಮಕ್ಕಳಿಗೂ ತಟ್ಟುತ್ತದೆ. ಪೂಜಾರಿಗಳು ಸಂಜೆ ಊರೊಳಗೆ ಹೋಗಿ ಉಂಡು ಕುಡಿದರೂ ರಾತ್ರಿಗೆ ಗುಡಿಗೆ ಮರಳಿ ಅಲ್ಲಿಯೇ ಮಲಗಬೇಕೆಂಬ ಕಟ್ಟಳೆಯಿದೆ. ದನಗಾಹಿಗಳು ದೇವರಿಗೆ ಮೀಸಲಾದ ಕೊಬ್ಬಿದ ಪಶುವನ್ನು ತಾವಿಟ್ಟುಕೊಂಡು ತಮ್ಮ ಬಡಕಲು ಪಶುವನ್ನು ಒಪ್ಪಿಸುವ ಮೋಸವನ್ನು ಆಜ್ಞಾಪತ್ರವು ಹೆಸರಿಸಿಯೇ ಹೇಳುತ್ತದೆ. ಅನುಮಾನ ಬಂದರೆ ಅವರು ದೇವರ ಪಾನಪಾತ್ರೆಯಿಂದ ಕುಡಿದು ಪ್ರಮಾಣಮಾಡಬೇಕು. ಇಷ್ಟೊಂದು ವಿವರವಾದ ನಿಷೇಧಗಳು ಇರುವಲ್ಲಿ ಅಂತಹ ವಂಚನೆಗಳೂ ನಡೆಯುತ್ತಿದ್ದುವೆಂದು ಊಹಿಸಬಹುದು.

ಹಬ್ಬಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ವಸಂತದಲ್ಲಿ ಮೊಳೆಯುವ ಒಂದು ಸಸ್ಯದ ಹೆಸರಿನಿಂದ ಕರೆಯುವ ಅಂತಾಖ್‌ಶುಮ್ ಉತ್ಸವವು 38 ದಿನಗಳ ಕಾಲ ನಡೆಯುತ್ತಿತ್ತು. ಅರಸನೂ ಅರಸಿಯೂ ಊರಿಂದೂರಿಗೆ ಸಂಚರಿಸಿ ದೇವರುಗಳಿಗೆ ರೊಟ್ಟಿ ಮುರಿದು, ಪಾನವನ್ನರ್ಪಿಸಬೇಕಾಗಿತ್ತು. ಇದು ಪೂಜೆಯೂ ಹೌದು, ರಾಜ್ಯದ ಮೇಲಿನ ಹಿಡಿತವನ್ನು ವರ್ಷವರ್ಷವೂ ಹೊಸದಾಗಿಸುವ ಯಾತ್ರೆಯೂ ಹೌದು. ಪುರುಲ್ಲಿ ಎಂಬ ಇನ್ನೊಂದು ಹಬ್ಬದಲ್ಲಿ ಸಿಡಿಲದೇವನು ಇಲ್ಲುಯಾಂಕ ಎಂಬ ಸರ್ಪವನ್ನು ಕೊಂದ ಕಥೆಯನ್ನು ಹೇಳುತ್ತಿದ್ದರು. ಗ್ರಾಮೀಣ ಉತ್ಸವಗಳಿಗೆ ಸಂಬಂಧಿಸಿದಂತೆ ತುದಾಲಿಯ ನಾಲ್ಕನೆಯವನ ಕಾಲದ ಪರಿಶೀಲನಾ ಪಟ್ಟಿಗಳು ಹೆಚ್ಚು ಸ್ವಾರಸ್ಯಕರವಾಗಿವೆ. ಶರತ್ಕಾಲದಲ್ಲಿ ದೇವರ ಹೆಸರಿನಲ್ಲಿ ದೊಡ್ಡ ಹರವಿಗೆ ಧಾನ್ಯವನ್ನು ತುಂಬಿ ಮುಚ್ಚುವುದು, ವಸಂತದ ಮೊದಲ ಗುಡುಗು ಕೇಳಿದಾಗ ಅದನ್ನು ತೆರೆದು ರೊಟ್ಟಿ ಮಾಡುವುದು, ದೇವರ ಕಲ್ಲನ್ನು ಊರ ಹೊರಗೆ ಕೊಂಡೊಯ್ದು ತೊಳೆದು ಎದುರಿಗೆ ಊಟ, ಕುಸ್ತಿ, ಆಟಗಳನ್ನು ನಡೆಸುವುದು ಇವು ಅಲ್ಲಿಯ ವಾಡಿಕೆ. ಒಂದು ಊರಿನಲ್ಲಿ ಯುವಕರು ಎರಡು ಪಂಗಡವಾಗಿ ನಿಂತು ಅಣಕು ಯುದ್ಧವಾಡುತ್ತಾರೆ. ‘ಹತ್ತಿಯವರಿಗೆ’ ಕಂಚಿನ ಆಯುಧ, ‘ಮಾಸದವರಿಗೆ’ ಜೊಂಡಿನ ಆಯುಧ! ಗೆಲುವು ಯಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸೋತವನನ್ನು ಸೆರೆಹಿಡಿದು ದೇವರಿಗೆ ಒಪ್ಪಿಸುತ್ತಾರೆ.

ದೇವರು ಮುನಿದು ಮರೆಯಾದರೆ ಏನಾಗುತ್ತದೆ ಎಂಬುದನ್ನು ತೆಲಿಪಿನುವಿನ ಪುರಾಣವು ಹೇಳುತ್ತದೆ. ಸಿಡಿಲದೇವನ ಮಗನೂ ಕೃಷಿಯ ದೇವತೆಯೂ ಆದ ತೆಲಿಪಿನು ಕೋಪಗೊಂಡು ಹೊರಟುಹೋಗುತ್ತಾನೆ. ಕಿಟಕಿಗಳನ್ನು ಮಂಜು ಮುಸುಕುತ್ತದೆ, ಒಲೆಯಲ್ಲಿ ಕೊಳ್ಳಿಗಳು ಉಸಿರುಕಟ್ಟುತ್ತವೆ, ಕುರಿ ಮರಿಯನ್ನು ದೂರಮಾಡುತ್ತದೆ, ಆಕಳು ಕರುವನ್ನು ದೂರಮಾಡುತ್ತದೆ, ಧಾನ್ಯ ಬೆಳೆಯುವುದಿಲ್ಲ. ದೇವರುಗಳು ಉಂಡರೂ ಅವರ ಹಸಿವು ಹಿಂಗುವುದಿಲ್ಲ. ಹದ್ದು ಹುಡುಕಿ ಸೋಲುತ್ತದೆ. ಕೊನೆಗೆ ಹನ್ನಹನ್ನ ಎಂಬ ಮಾತೃದೇವತೆಯು ಕಳುಹಿಸಿದ ಜೇನುನೊಣವು ಮಲಗಿದ್ದ ಅವನನ್ನು ಕಂಡು ಕುಟುಕಿ ಎಬ್ಬಿಸುತ್ತದೆ. ಅವನ ಕೋಪವು ಇನ್ನೂ ಹೆಚ್ಚುತ್ತದೆ. ಆಮೇಲೆ ಕಮ್ರುಸೆಪ ಎಂಬ ಮಂತ್ರದೇವತೆಯು ವಿಧಿಗಳಿಂದ ಆ ಕೋಪವನ್ನು ಬೇರ್ಪಡಿಸಿ ಪಾತಾಳದಲ್ಲಿರುವ ಕಂಚಿನ ಪಾತ್ರೆಗಳೊಳಗೆ ಮುಚ್ಚಿಸುತ್ತಾಳೆ. ಒಳಗೆ ಹೋದುದು ಹೊರಗೆ ಬರುವುದಿಲ್ಲ. ಇದನ್ನು ಋತುಚಕ್ರದ ರೂಪಕವೆಂದು ಹಿಂದಿನ ವಿದ್ವಾಂಸರು ಅರ್ಥೈಸಿದ್ದುಂಟು. ಆದರೆ ಇದೇ ಕಥೆಯನ್ನು ಸಿಡಿಲದೇವನ ಹೆಸರಿನಲ್ಲಿಯೂ, ಅರಸಿಯೊಬ್ಬಳ ಸ್ವಂತ ಸಿಡಿಲದೇವನ ಹೆಸರಿನಲ್ಲಿಯೂ ಹೇಳಿರುವ ಪಾಠಗಳು ದೊರೆತಿವೆ. ವ್ಯಕ್ತಿಯೊಬ್ಬರಿಗೆ ಬಂದ ಕೇಡನ್ನು ಕಳೆಯಲು ಬೇಕಾದಾಗ ಬಳಸುತ್ತಿದ್ದ ಚಿಕಿತ್ಸಾವಿಧಿಯೇ ಇದೆನ್ನುವುದು ಈಗ ಹೆಚ್ಚು ಒಪ್ಪಿತವಾದ ಅಭಿಪ್ರಾಯ.

ಪುರಾಣದಲ್ಲಿ ಕಂಡ ಈ ಭಯವು ಇತಿಹಾಸದಲ್ಲಿ ನಿಜವಾದದ್ದು ಕ್ರಿ.ಪೂ. 14ನೆಯ ಶತಮಾನದ ಕೊನೆಯ ಭಾಗದಲ್ಲಿ. ಮೊದಲನೆಯ ಸುಪ್ಪಿಲುಲಿಯುಮನು ಹಿತ್ತಿಯ ರಾಜ್ಯವನ್ನು ಸಾಮ್ರಾಜ್ಯವನ್ನಾಗಿ ಮಾಡಿದ ಪರಾಕ್ರಮಿ. ಅವನ ಕೊನೆಗಾಲದಲ್ಲಿ ಈಜಿಪ್ಟಿನ ವಿಧವೆ ರಾಣಿಯೊಬ್ಬಳು ತನಗೆ ಗಂಡನಾಗಲು ಅವನ ಮಗನೊಬ್ಬನನ್ನು ಕಳುಹಿಸಬೇಕೆಂದು ಓಲೆ ಬರೆದಳು. ಹೊರಟ ಮಗ ಜನ್ನಂಜನು ಜೀವಂತವಾಗಿ ಉಳಿಯಲಿಲ್ಲ. ಸೇಡಿಗಾಗಿ ನಡೆದ ಯುದ್ಧದಲ್ಲಿ ಸೆರೆಸಿಕ್ಕ ಈಜಿಪ್ಟಿನವರ ಜೊತೆಯಲ್ಲಿ ಸಾಂಕ್ರಾಮಿಕ ವ್ಯಾಧಿಯೊಂದು ಹತ್ತಿ ನಾಡನ್ನು ಹೊಕ್ಕಿತು. ಸುಪ್ಪಿಲುಲಿಯುಮನೂ ಅವನ ಉತ್ತರಾಧಿಕಾರಿಯಾದ ಹಿರಿಯ ಮಗನೂ ಸ್ವಲ್ಪ ಕಾಲದ ಅಂತರದಲ್ಲಿ ತೀರಿಕೊಂಡರು. ಅನಂತರ ಚಿಕ್ಕ ವಯಸ್ಸಿನಲ್ಲಿಯೇ ಪಟ್ಟಕ್ಕೆ ಬಂದವನು ಎರಡನೆಯ ಮುರ್ಸಿಲಿ. ವ್ಯಾಧಿಯು ಇಪ್ಪತ್ತು ವರ್ಷಗಳಿಂದ ಬಿಟ್ಟಿಲ್ಲವೆಂದು ಅವನು ತನ್ನ ಪ್ರಾರ್ಥನೆಯಲ್ಲಿ ಹೇಳಿಕೊಂಡಿದ್ದಾನೆ.

ಮುರ್ಸಿಲಿಯ ಮಾರಿಯ ಪ್ರಾರ್ಥನೆಗಳು ಪ್ರಾಚೀನ ಜಗತ್ತಿನ ಸಾಹಿತ್ಯದಲ್ಲಿ ಬಹು ವಿಶಿಷ್ಟವಾದವು. ಅವುಗಳ ರೂಪವು ಸ್ತೋತ್ರದ್ದಲ್ಲ, ನ್ಯಾಯಾಲಯದ ಅರ್ಜಿಯದು. ಯಾವ ದೇವರು ಮುನಿದಿದ್ದಾನೆ, ಯಾವ ಕಾರಣಕ್ಕೆ ಎಂಬುದನ್ನು ತಿಳಿಯಲು ಅರಸನು ಶಕುನ ಕೇಳಿಸುತ್ತಾನೆ. ಜೊತೆಗೆ ಹಳೆಯ ಕಡತಗಳನ್ನು ಹುಡುಕುತ್ತಾನೆ. ಎರಡು ಹಳೆಯ ಫಲಕಗಳು ಅವನಿಗೆ ದೊರೆಯುತ್ತವೆ. ಒಂದರಲ್ಲಿ ಮಾಲ ನದಿಗೆ, ಎಂದರೆ ಯೂಫ್ರಟಿಸ್‌ಗೆ, ಹಿಂದಿನ ಅರಸರು ಸಲ್ಲಿಸುತ್ತಿದ್ದ ಬಲಿಯ ವಿವರವಿದೆ. ತಂದೆಯ ಕಾಲದಿಂದ ಅದು ನಿಂತುಹೋಗಿದೆ. ಇನ್ನೊಂದು ಕುರುಸ್ತಮ ಎಂಬ ಊರಿನ ಜನರ ವಿಷಯವಾಗಿ ಈಜಿಪ್ಟಿನೊಡನೆ ದೇವರ ಸಾಕ್ಷಿಯಾಗಿ ಮಾಡಿಕೊಂಡ ಒಡಂಬಡಿಕೆ. ಅದು ಜಾರಿಯಲ್ಲಿರುವಾಗಲೇ ತಂದೆಯು ಈಜಿಪ್ಟಿನ ಗಡಿಯ ಅಮ್ಕ ಪ್ರಾಂತಕ್ಕೆ ಸೈನ್ಯ ಕಳುಹಿಸಿದ್ದನು. ಎರಡೂ ಕಾರಣಗಳು ಹೌದೆಂದು ಶಕುನವು ಹೇಳಿತು. ಬೇರೊಂದು ಪ್ರಾರ್ಥನೆಯಲ್ಲಿ ಇನ್ನೂ ಹತ್ತಿರದ ಪಾತಕವನ್ನು ಹೆಸರಿಸಿದ್ದಾನೆ: ಕಿರಿಯ ತುದಾಲಿಯನಿಗೆ ನಿಷ್ಠೆಯ ಪ್ರಮಾಣಮಾಡಿದವರೇ ಅವನನ್ನು ಕೊಂದರು, ಅದರಿಂದಲೇ ತಂದೆಗೆ ಸಿಂಹಾಸನ ದೊರೆಯಿತು.

ಇಲ್ಲಿ ಮುರ್ಸಿಲಿಯು ಎದುರಿಸಿದ ಇಕ್ಕಟ್ಟು ಸಣ್ಣದಲ್ಲ. ತಂದೆಯು ಮಹಾವೀರನೆಂದು ಹಾಡಿ ಹೊಗಳಿ ಚರಿತ್ರೆ ಬರೆಯಿಸಿದವನೂ ಅವನೇ. ಅದೇ ತಂದೆಯನ್ನು ದೇವರ ಮುಂದೆ ಪ್ರಮಾಣಭಂಗದ ಅಪರಾಧಿಯೆಂದು ಒಪ್ಪಿಕೊಳ್ಳಬೇಕಾದವನೂ ಅವನೇ. ತಾನು ಆಗ ಬಾಲಕನಾಗಿದ್ದೆ, ತಾನೇನೂ ಮಾಡಿಲ್ಲ ಎನ್ನುತ್ತಾನೆ. ಆದರೂ ತಂದೆಯ ಪಾಪವು ಮಗನಿಗೆ ಬರುವುದೇ ಲೋಕದ ರೀತಿ ಎಂದು ಅದನ್ನು ತನ್ನ ಮೇಲೆ ಎಳೆದುಕೊಳ್ಳುತ್ತಾನೆ. ಹಕ್ಕಿಯು ಗೂಡನ್ನು ಮರೆಹೊಕ್ಕರೆ ಗೂಡು ಕಾಯುತ್ತದೆ, ತಪ್ಪೊಪ್ಪಿಕೊಂಡ ಆಳನ್ನು ಒಡೆಯನು ಮನ್ನಿಸುತ್ತಾನೆ ಎಂಬ ಹೋಲಿಕೆಗಳನ್ನು ಮುಂದಿಡುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ: ರೊಟ್ಟಿ ಮಾಡುವವರೂ ಉಳುವವರೂ ಸತ್ತುಹೋದರೆ ನಿಮಗೆ ನೈವೇದ್ಯವನ್ನು ಕೊಡುವವರಾರು ಎಂದು ದೇವರುಗಳನ್ನೇ ಕೇಳುತ್ತಾನೆ. ಇನ್ನೂ ಬೇರೆ ಕಾರಣವಿದ್ದರೆ ಕನಸಿನಲ್ಲಾಗಲಿ, ಶಕುನದಲ್ಲಾಗಲಿ, ಆವೇಶ ಬಂದವರ ಬಾಯಲ್ಲಾಗಲಿ ತಿಳಿಸಿ ಎಂದು ಬೇಡುತ್ತಾನೆ. ಈ ಕೊನೆಯ ಬೇಡಿಕೆಯು ಪ್ರಾರ್ಥನೆಯ ಹೃದಯವೆನ್ನಬಹುದು. ಶಿಕ್ಷೆಗಿಂತಲೂ ಕಾರಣ ತಿಳಿಯದಿರುವುದು ಅವನಿಗೆ ಅಸಹನೀಯವಾಗಿದೆ. ಸಾವಿರ ದೇವರುಗಳಿರುವಲ್ಲಿ ಕಾರಣಗಳೂ ಸಾವಿರ ಇರಬಹುದಷ್ಟೆ.

ದಫ್ತರಖಾನೆಯು ಏಕೆ ದೇವರ ಲೆಕ್ಕದಿಂದ ತುಂಬಿದೆ ಎಂಬ ಮೊದಲಿನ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ. ಮರೆತ ಬಲಿಯೊಂದು ನಾಡನ್ನೇ ಕೊಲ್ಲಬಹುದಾದರೆ ಫಲಕವನ್ನು ಬರೆದಿಡುವುದು, ಕಾಪಾಡುವುದು, ನಕಲುಮಾಡುವುದು ಪ್ರಾಣರಕ್ಷಣೆಯ ಕೆಲಸವೇ ಆಗುತ್ತದೆ. ಇದೇ ಮುರ್ಸಿಲಿಯು ತನ್ನ ಆಳ್ವಿಕೆಯ ಒಂಬತ್ತನೆಯ ವರ್ಷದಲ್ಲಿ, ಸಿರಿಯಾದಲ್ಲಿ ದಂಗೆ, ಬಡಗಣ ಗಡಿಯಲ್ಲಿ ಯುದ್ಧವಿರುವಾಗ, ತಂದೆಯು ಬಾಕಿಯುಳಿಸಿದ್ದ ಹೆಬಾತ್ ದೇವಿಯ ಹಬ್ಬವನ್ನು ನಡೆಸಲು ಕುಮ್ಮನ್ನಿ ಪಟ್ಟಣಕ್ಕೆ ಹೋದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸೈನ್ಯದಲ್ಲಿ ಮಾರಿ ಹರಡಿದಾಗ ಮಾಡುತ್ತಿದ್ದ ವಿಧಿಗಳೂ ಉಳಿದಿವೆ. ಹಪಲ್ಲದ ಅಶೆಲ್ಲ ಎಂಬವನ ವಿಧಿಯಲ್ಲಿ ಟಗರುಗಳಿಗೆ ಬಣ್ಣದ ಉಣ್ಣೆಯ ಎಳೆಗಳನ್ನು ಕಟ್ಟಿ, ಅವುಗಳ ಜೊತೆಗೆ ಅಲಂಕರಿಸಿದ ಹೆಂಗಸೊಬ್ಬಳನ್ನು ಶತ್ರುವಿನ ನಾಡಿನ ಕಡೆಗೆ ಅಟ್ಟುತ್ತಾರೆ. ಬೈಬಲಿನ ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಬರುವ, ಜನರ ಪಾಪವನ್ನು ಹೊತ್ತು ಅಡವಿಗೆ ಹೋಗುವ ಆಡಿನೊಡನೆ ಇದನ್ನು ಹೋಲಿಸುವುದು ವಾಡಿಕೆಯಾಗಿದೆ. ವ್ಯತ್ಯಾಸವನ್ನೂ ಗಮನಿಸಬೇಕು: ಅಲ್ಲಿ ಹೊರೆಯು ನಿರ್ಜನ ಪ್ರದೇಶಕ್ಕೆ ಹೋದರೆ ಇಲ್ಲಿ ಶತ್ರುವಿನ ಹೆಗಲಿಗೇರುತ್ತದೆ.

ಮುಂದಿನ ತಲೆಮಾರಿನಲ್ಲಿ ದೇವಗಣವನ್ನು ಕ್ರಮಗೊಳಿಸುವ ಪ್ರಯತ್ನವೊಂದು ನಡೆಯಿತು. ಅದರೊಡನೆ ಕೂಡಿಬರುವ ಹೆಸರು ಪುದುಹೆಪಳದು. ಆಕೆ ಆಗ್ನೇಯದ ಕಿಜ್ಜುವತ್ನ ಪ್ರಾಂತದ ಲವಜಂತಿಯದ ಪೂಜಾರಿಯ ಮಗಳು, ಮೂರನೆಯ ಹತ್ತುಸಿಲಿಯ ಪಟ್ಟದರಸಿ. ಹತ್ತಿ ನಾಡಿನಲ್ಲಿ ಅರಿನ್ನದ ಸೂರ್ಯದೇವಿಯೆನಿಸಿಕೊಂಡವಳೇ ದೇವದಾರುಗಳ ನಾಡಿನಲ್ಲಿ ಹೆಬಾತ್ ಎನಿಸಿಕೊಂಡಿದ್ದಾಳೆ ಎಂದು ಆಕೆ ಸೂರ್ಯದೇವಿಗೆ ನಿವೇದಿಸಿಕೊಂಡ ಪ್ರಾರ್ಥನೆಯು ಪ್ರಸಿದ್ಧವಾಗಿದೆ. ಇದನ್ನು ಏಕದೇವತಾವಾದದ ಕಡೆಗಿನ ಹೆಜ್ಜೆಯೆಂದು ಬಣ್ಣಿಸುವುದು ಅತಿಶಯವಾದೀತು. ಹುರ್ರಿಯನ್ ಮನೆತನದಿಂದ ಬಂದ ಅರಸಿಯು ತನ್ನ ತವರಿನ ದೇವಿಯನ್ನೂ ಗಂಡನ ನಾಡಿನ ದೇವಿಯನ್ನೂ ಒಂದೇ ಮಾತಿನಲ್ಲಿ ಸೇರಿಸಿಕೊಂಡಳು. ಕಾಣಿಕೆಯ ಪಟ್ಟಿಗಳಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆಯಾಗಿಯೇ ಉಳಿದರು. ಪುದುಹೆಪಳ ರಾಜಕೀಯ ಸ್ಥಾನವು ಅಸಾಧಾರಣವಾಗಿತ್ತು. ಕ್ರಿ.ಪೂ. 1259ರ ಸುಮಾರಿಗೆ ಎರಡನೆಯ ರಾಮ್ಸೆಸ್‌ನೊಡನೆ ಆದ ಶಾಂತಿ ಒಡಂಬಡಿಕೆಯ ಬೆಳ್ಳಿಯ ಫಲಕದ ಮೇಲೆ ಒಂದು ಕಡೆ ಸಿಡಿಲದೇವನು ಅರಸನನ್ನು ತಬ್ಬಿರುವ ಮುದ್ರೆಯೂ ಇನ್ನೊಂದು ಕಡೆ ಸೂರ್ಯದೇವಿಯು ಪುದುಹೆಪಳನ್ನು ತಬ್ಬಿರುವ ಮುದ್ರೆಯೂ ಇದ್ದುವೆಂದು ಈಜಿಪ್ಟಿನ ಪಾಠವು ವರ್ಣಿಸುತ್ತದೆ.

ಈ ಹುರ್ರಿಯನ್ ಪ್ರಭಾವವು ಕಲ್ಲಿನಲ್ಲಿ ಮೂಡಿರುವುದು ರಾಜಧಾನಿಯ ಸಮೀಪದ ಯಾಜಿಲಿಕಾಯದಲ್ಲಿ. ಮೇಲ್ಛಾವಣಿಯಿಲ್ಲದ ಈ ಶಿಲಾಮಂದಿರದ ದೊಡ್ಡ ಅಂಗಳದಲ್ಲಿ ಎಡಗಡೆಯಿಂದ ದೇವರುಗಳ ಸಾಲು, ಬಲಗಡೆಯಿಂದ ದೇವಿಯರ ಸಾಲು ನಡೆದುಬಂದು ನಡುವೆ ಸೇರುತ್ತವೆ. ಅಲ್ಲಿ ಬಾಗಿದ ಪರ್ವತದೇವತೆಗಳ ಕೊರಳ ಮೇಲೆ ನಿಂತ ತೆಶುಬನಿಗೆ ಎದುರಾಗಿ ಮೃಗವೊಂದರ ಮೇಲೆ ನಿಂತ ಹೆಬಾತ್ ಇದ್ದಾಳೆ. ಹೆಸರುಗಳನ್ನು ಬರೆದಿರುವುದು ಲೂವಿಯ ಚಿತ್ರಲಿಪಿಯಲ್ಲಿ, ಹೆಸರುಗಳು ಹುರ್ರಿಯನ್, ಕೆತ್ತಿಸಿದ ಮನೆತನದ ಆಡಳಿತಭಾಷೆ ನೆಸಿಲಿ. ಚಿಕ್ಕ ಅಂಗಳದಲ್ಲಿ ಶರ್ರುಮ ದೇವನು ತುದಾಲಿಯ ನಾಲ್ಕನೆಯವನನ್ನು ತೋಳಿನಿಂದ ಬಳಸಿ ನಡೆಸಿಕೊಂಡು ಹೋಗುವ ಶಿಲ್ಪವಿದೆ. ಎದುರಿನ ಗೋಡೆಯಲ್ಲಿ ಕತ್ತಿ ಹಿಡಿದ ಹನ್ನೆರಡು ಪಾತಾಳದೇವತೆಗಳು ಸಾಲಾಗಿ ಓಡುತ್ತಿದ್ದಾರೆ. ಇದು ಸತ್ತ ಅರಸನ ಸ್ಮಾರಕಮಂದಿರವೆಂಬ ಅಭಿಪ್ರಾಯಕ್ಕೆ ಸಾಕಷ್ಟು ಬಲವಿದೆ. ಅರಸನು ಸತ್ತನೆನ್ನಲು ಹಿತ್ತಿಯರು ‘ದೇವನಾದನು’ ಎಂದೇ ಹೇಳುತ್ತಿದ್ದರು. ಹದಿನಾಲ್ಕು ದಿನಗಳ ಉತ್ತರಕ್ರಿಯೆಯಲ್ಲಿ ದೇಹವನ್ನು ಸುಟ್ಟು ಅಸ್ಥಿಗಳನ್ನು ಆಯ್ದು ಎಣ್ಣೆಯಲ್ಲಿ ಅದ್ದಿ ‘ಕಲ್ಲಿನ ಮನೆ’ಯಲ್ಲಿ ಇಡುತ್ತಿದ್ದರು. ಯಾಜಿಲಿಕಾಯದ ದೇವರ ಸಾಲುಗಳು ಪಂಚಾಂಗದ ಎಣಿಕೆಗೆ ಬಳಕೆಯಾಗುತ್ತಿದ್ದುವೆಂಬ ಇತ್ತೀಚಿನ ವಾದವು ಕುತೂಹಲಕರವಾಗಿದ್ದರೂ ಸರ್ವಸಮ್ಮತವಾಗಿಲ್ಲ.

ಭಾರತೀಯ ಓದುಗರಿಗೆ ಹತ್ತುಸದ ಹೆಸರು ಪರಿಚಿತವಾಗಿರುವುದು ಬೇರೊಂದು ಕಾರಣದಿಂದ. ಸುಪ್ಪಿಲುಲಿಯುಮನು ಮಿತಾನಿಯ ಶತ್ತಿವಾಜನೊಡನೆ ಮಾಡಿಕೊಂಡ ಒಡಂಬಡಿಕೆಯ ಸಾಕ್ಷಿದೇವತೆಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಬರುತ್ತಾರೆ. ಇದನ್ನು ಆಧರಿಸಿ ಹಿತ್ತಿಯರು ವೈದಿಕ ದೇವರುಗಳನ್ನು ಪೂಜಿಸಿದರೆಂದು ಬರೆದಿರುವುದು ಅಲ್ಲಲ್ಲಿ ಕಂಡುಬರುತ್ತದೆ. ಅದು ಸರಿಯಲ್ಲ. ಈ ನಾಲ್ವರು ಬರುವುದು ಮಿತಾನಿಯ ಪಕ್ಷದ ಸಾಕ್ಷಿಗಳಾಗಿ, ಅದೂ ಉದ್ದವಾದ ಪಟ್ಟಿಯ ಬಹು ಕೆಳಗೆ. ಹಿತ್ತಿಯರ ಹಬ್ಬಗಳಲ್ಲಾಗಲಿ ಬಲಿಗಳಲ್ಲಾಗಲಿ ಇವರಿಗೆ ಸ್ಥಾನವಿಲ್ಲ. ಮಿತಾನಿಯ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಗ್ರಂಥದಲ್ಲಿ ಓಟದ ಸುತ್ತುಗಳನ್ನು ಎಣಿಸುವಾಗ ಬರುವ ಐಕ, ತೆರ, ಪಂಜ, ಸತ್ತ ಮುಂತಾದ ಸಂಖ್ಯಾಪದಗಳೂ ಮಿತಾನಿಯ ರಥಿಕರ ಪರಂಪರೆಗೆ ಸೇರಿದುವು. ಎದುರಾಳಿಯ ಪ್ರಮಾಣಕ್ಕೆ ಎದುರಾಳಿಯ ದೇವರೇ ಸಾಕ್ಷಿಯಾಗಬೇಕೆಂಬ ಹಿತ್ತಿಯರ ನಿಷ್ಠುರ ನ್ಯಾಯಬುದ್ಧಿಯಿಂದಾಗಿ ಈ ಹೆಸರುಗಳು ನಮಗೆ ಉಳಿದುಬಂದಿವೆ ಎಂಬುದೇ ಇಲ್ಲಿ ಸ್ಮರಣೀಯ.

ಕ್ರಿ.ಪೂ. 1180ರ ಸುಮಾರಿಗೆ ಹತ್ತುಸವು ಪಾಳುಬಿದ್ದಿತು. ಶತ್ರುಗಳು ಒಮ್ಮೆಗೇ ನುಗ್ಗಿ ಸುಟ್ಟರೆಂಬ ಹಳೆಯ ಚಿತ್ರವನ್ನು ಈಚಿನ ಉತ್ಖನನಗಳು ತಿದ್ದಿವೆ. ಬೆಲೆಬಾಳುವ ವಸ್ತುಗಳೊಡನೆ ಆಸ್ಥಾನವು ಮೊದಲೇ ಊರು ಬಿಟ್ಟಿತ್ತು, ಬೆಂಕಿ ಬಿದ್ದುದು ಆಮೇಲೆ. 2023ರಲ್ಲಿ ಪ್ರಕಟವಾದ, ಗೊರ್ಡಿಯಾನ್ ನೆಲೆಯ ಪುರಾತನ ಮರದ ದಿಮ್ಮಿಗಳ ಉಂಗುರಗಳ ಅಧ್ಯಯನವು ಕ್ರಿ.ಪೂ. 1198-1196ರ ಅವಧಿಯಲ್ಲಿ ತೀವ್ರವಾದ ಬರವಿತ್ತೆಂದು ತೋರಿಸಿದೆ. ಮಳೆಯ ದೇವರನ್ನು ತಣಿಸಲು ಇಡೀ ರಾಜ್ಯಯಂತ್ರವನ್ನು ಕಟ್ಟಿದವರಿಗೆ ಸತತವಾಗಿ ಮಳೆ ತಪ್ಪಿದುದು ಅನ್ನದ ಕೊರತೆಯಷ್ಟೇ ಆಗಿರಲಾರದು.

ಸಾಮ್ರಾಜ್ಯ ಅಳಿದರೂ ದೇವರು ಅಳಿಯಲಿಲ್ಲ. ದಕ್ಷಿಣ ಅನಾತೋಲಿಯಾ ಮತ್ತು ಸಿರಿಯಾಗಳ ಚಿಕ್ಕ ರಾಜ್ಯಗಳಲ್ಲಿ ಲೂವಿಯ ಚಿತ್ರಲಿಪಿಯೂ ಸಿಡಿಲದೇವನ ಪೂಜೆಯೂ ಇನ್ನೂ ಕೆಲವು ಶತಮಾನಗಳ ಕಾಲ ಮುಂದುವರಿದುವು. ಇಂದಿನ ಕೋನ್ಯಾ ಪ್ರಾಂತದ ಇವ್ರಿಜ್ ಎಂಬಲ್ಲಿ ನೀರಿನ ಚಿಲುಮೆಯ ಪಕ್ಕದ ಬಂಡೆಯ ಮೇಲೆ ಕ್ರಿ.ಪೂ. 8ನೆಯ ಶತಮಾನದ ಶಿಲ್ಪವೊಂದಿದೆ. ವರ್ಪಲವ ಎಂಬ ಅರಸನು ಕೈಗಳನ್ನೆತ್ತಿ ನಿಂತಿದ್ದಾನೆ. ಅವನ ಮುಂದೆ ಅವನಿಗಿಂತ ಎಷ್ಟೋ ಎತ್ತರವಾಗಿ ತರ್ಹುಂಜ ನಿಂತಿದ್ದಾನೆ. ಒಂದು ಕೈಯಲ್ಲಿ ದ್ರಾಕ್ಷಿಯ ಗೊಂಚಲು, ಇನ್ನೊಂದು ಕೈಯಲ್ಲಿ ಗೋಧಿಯ ತೆನೆಗಳು.